ಅಪ್ಪ ಅಮ್ಮ, ಮತದ ಹಕ್ಕು, ಊರಿನ ದೈವದ ನೇಮ: ಮುಂಬಯಿಯಿಂದ ನಾವು ದೇಶ ಆರಿಸಿದ ಬಗೆ

ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ವಿದೇಶದ ಮಾತು ಬಂದಾಗ ಮೊದಲು ಏಳುವ ಪ್ರಶ್ನೆ, "ಅಲ್ಲಿ ನಮ್ಮವರು ಯಾರಿದ್ದಾರೆ?" ಉಡುಪಿ, ಕುಂದಾಪುರ, ಕಾರ್ಕಳದ ಕಡೆಯ ಅಜ್ಜಂದಿರು ಮುಂಬಯಿಗೆ ಬಂದದ್ದು ಹಾಗೆಯೇ. ಫೋರ್ಟಿನ ಹೋಟೆಲಿನಲ್ಲಿ ಮಾವ ಇದ್ದರು, ಹಗಲು ಕೆಲಸಕ್ಕೆ ಹಚ್ಚಿದರು, ರಾತ್ರಿಶಾಲೆಗೆ ಕಳಿಸಿದರು. ಆ ಕ್ರಮ ಅಂದಿಗೆ ಸರಿಯಾಗಿಯೇ ಇತ್ತು. ದೇಶ ಒಂದೇ, ಕಾನೂನು ಒಂದೇ, ಬೇಡವೆನಿಸಿದರೆ ಊರಿನ ಬಸ್ಸು ಹತ್ತಿದರಾಯಿತು. ಹೊರದೇಶಕ್ಕೆ ಅದು ಸಾಲದು. ಹದಿನೈದು ವರ್ಷದ ಹಿಂದೆ ಹೋದ ಸಂಬಂಧಿಕರು ಒಳಹೊಕ್ಕ ಬಾಗಿಲು ಈಗ ಮುಚ್ಚಿರಬಹುದು. ಅವರಿಗೆ ಮುಖ್ಯವಾದದ್ದು ನಮಗೂ ಮುಖ್ಯವಾಗಬೇಕೆಂದಿಲ್ಲ.

ಹಾಗಾಗಿ ನಾವು ಬಿಟ್ಟುಕೊಡಲಾಗದ್ದು ಏನು ಎಂದು ಮೊದಲು ಗೊತ್ತುಮಾಡಿಕೊಂಡೆವು. ಅದಕ್ಕೆ ಜಾಗ ಕೊಡುವ ಕಾನೂನು ಯಾವ ದೇಶದಲ್ಲಿದೆ ಎಂದು ಹುಡುಕಿದ್ದು ಆಮೇಲೆ. ಇಬ್ಬರೂ ದುಡಿಯುವ, ಮೂವತ್ತೈದರ ಆಸುಪಾಸಿನ, ಒಂದು ಮಗುವಿರುವ ಮನೆ ನಮ್ಮದು. ಒಬ್ಬರ ತಂದೆತಾಯಿ ಡೊಂಬಿವಲಿಯಲ್ಲಿ, ಇನ್ನೊಬ್ಬರದು ಕಾರ್ಕಳದ ಕಡೆ. ಇದೇ ಕೆಲಸಕ್ಕೆ ಪುಣೆಯ ಇನ್ನೊಂದು ಮನೆಯವರೂ ನಮ್ಮ ಜೊತೆ ಕೂತರು. ಕೊನೆಗೆ ಎರಡು ಮನೆಗೂ ಬೇರೆ ಬೇರೆ ದೇಶ ಬಂತು, ಅದು ಸಹಜ. ಇಲ್ಲಿ ಹೇಳುವ ವೀಸಾ ನಿಯಮಗಳು 2025ರ ಕೊನೆಯ ಹೊತ್ತಿನವು. ಅರ್ಜಿ ಹಾಕುವ ಮೊದಲು ಆಯಾ ಸರ್ಕಾರದ ತಾಣದಲ್ಲಿ ಇನ್ನೊಮ್ಮೆ ನೋಡಲೇಬೇಕು.

ಗಂಡ ಹೆಂಡತಿ ಬೇರೆ ಬೇರೆ ಕೂತು, ಒಬ್ಬರದನ್ನು ಒಬ್ಬರು ನೋಡದೆ ಬರೆಯಬೇಕು. ಜೊತೆಗೆ ಕೂತರೆ ಮಾತಿನಲ್ಲಿ ಜೋರಿರುವವರ ಪಟ್ಟಿಯೇ ಇಬ್ಬರ ಪಟ್ಟಿಯಾಗಿಬಿಡುತ್ತದೆ. ತಿಳಿವಳಿಕೆ ಬಂದ ಮಕ್ಕಳಿದ್ದರೆ ಅವರಿಗೂ ಒಂದು ಹಾಳೆ. ಮೊದಲ ಸುತ್ತಿನಲ್ಲಿ ಬರುವುದೆಲ್ಲ ದೊಡ್ಡ ಮಾತು: ಸ್ವಾತಂತ್ರ್ಯ, ಸಮಾನತೆ, ನೆಮ್ಮದಿ, ಮಕ್ಕಳ ಭವಿಷ್ಯ. ಇವುಗಳಿಂದ ದೇಶ ಆರಿಸಲಾಗದು, ಎಲ್ಲ ದೇಶಗಳ ಪ್ರಚಾರದಲ್ಲೂ ಇವೇ ಇರುತ್ತವೆ. ಪ್ರತಿಯೊಂದನ್ನೂ ಹೌದು, ಇಲ್ಲ, ಅಥವಾ ಒಂದು ಅಂಕಿಯಲ್ಲಿ ಉತ್ತರ ಸಿಗುವ ಪ್ರಶ್ನೆಯಾಗಿ ಒಡೆಯಬೇಕು. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ.

"ಮರ್ಯಾದೆಯ ಬದುಕು" ಎಂದು ಬರೆದಿದ್ದನ್ನು ನಾವು ಒಡೆದದ್ದು ಹೀಗೆ: ನೌಕರಿ ಹೋದರೆ ಎಷ್ಟು ದಿನದೊಳಗೆ ದೇಶ ಬಿಡಬೇಕು? ಅಮೆರಿಕದ ಎಚ್-1ಬಿ ಉದ್ಯೋಗ ವೀಸಾದಲ್ಲಿ 60 ದಿನ. ಬ್ರಿಟನ್ನಿನ ಸ್ಕಿಲ್ಡ್ ವರ್ಕರ್ ವೀಸಾದಲ್ಲೂ ಸಾಮಾನ್ಯವಾಗಿ 60 ದಿನ. ಕೆನಡಾದ ಪಿಆರ್, ಅಂದರೆ ಕಾಯಂ ವಾಸದ ಹಕ್ಕು, ಸಿಕ್ಕವರಿಗೆ ಈ ಪ್ರಶ್ನೆಯೇ ಇಲ್ಲ, ಅದು ನೌಕರಿಗೆ ಕಟ್ಟಿದ್ದಲ್ಲ. "ಸಮಾನತೆ" ಎಂಬುದು ಹೀಗಾಯಿತು: ಒಬ್ಬರ ವೀಸಾದ ಮೇಲೆ ಹೋದ ಇನ್ನೊಬ್ಬರು ಮೊದಲ ದಿನದಿಂದ ದುಡಿಯಬಹುದೇ? ಜರ್ಮನಿಯಲ್ಲಿ ಬ್ಲೂ ಕಾರ್ಡ್ ಎಂಬ ಉದ್ಯೋಗ ಪರವಾನಗಿಯವರ ಸಂಗಾತಿ ದುಡಿಯಬಹುದು. ಅಮೆರಿಕದ ಎಚ್-4ರವರು, ಅಂದರೆ ಎಚ್-1ಬಿಯವರ ಸಂಗಾತಿಗಳು, ಅವರ ಗ್ರೀನ್ ಕಾರ್ಡ್ (ಕಾಯಂ ವಾಸದ) ಅರ್ಜಿ ಒಂದು ಹಂತ ದಾಟುವ ತನಕ ಕಾಯಬೇಕು. ಇಬ್ಬರಲ್ಲಿ ಒಬ್ಬರು ಬರೀ ಮನೆಯಲ್ಲಿ ಕೂರಬೇಕಾಗುವ ದೇಶ ನಮ್ಮ ಪಟ್ಟಿಯಿಂದ ಅಲ್ಲೇ ಹೋಯಿತು.

ಇಷ್ಟಾನಿಷ್ಟಗಳನ್ನು ಬೇರೆ ಹಾಳೆಗೆ ಸರಿಸಬೇಕು. ಚಳಿ, ಮೀನು ಸಿಗುವುದು, ಕುಚ್ಚಲಕ್ಕಿ ಸಿಗುವುದು, ನೇರ ವಿಮಾನ ಎಲ್ಲ ಆ ಹಾಳೆಗೆ. ಅವು ಬೇಡವೆಂದಲ್ಲ. ಎರಡು ದೇಶ ಸರಿಸಮ ಬಂದಾಗ ಮಾತ್ರ ಅವನ್ನು ತೆರೆಯುವುದು.

ಇನ್ನು ಅಂಕ ಹಾಕುವುದು. ಎಲ್ಲರೂ ಮಾಡುವುದು ಎಕ್ಸೆಲ್ ಹಾಳೆಯಲ್ಲಿ ಪ್ರತಿ ಮೌಲ್ಯಕ್ಕೆ ತೂಕ ಕೊಟ್ಟು, ಗುಣಿಸಿ, ಕೂಡಿಸುವುದು. ಇದರಲ್ಲೊಂದು ದೋಷವಿದೆ. ಕೂಡುವ ಲೆಕ್ಕದಲ್ಲಿ ಒಂದು ಕಡೆಯ ಸೊನ್ನೆಯನ್ನು ಇನ್ನೊಂದು ಕಡೆಯ ಹತ್ತು ಮುಚ್ಚಿಹಾಕುತ್ತದೆ. ಸಂಬಳಕ್ಕೆ 10, ಅಪ್ಪ ಅಮ್ಮನ ಪ್ರಶ್ನೆಗೆ 0 ಬಂದ ದೇಶವೂ ಮೊದಲ ಸ್ಥಾನಕ್ಕೆ ಬಂದು ಕೂರುತ್ತದೆ. ಆದ್ದರಿಂದ ಮೊದಲು ಬಾಗಿಲು, ಆಮೇಲೆ ಅಂಕ. ಪಟ್ಟಿಯಲ್ಲಿ ಮೂರೇ ಮೂರು ಪ್ರಶ್ನೆಗಳನ್ನು ಬಾಗಿಲೆಂದು ಗುರುತಿಸಬೇಕು. ಅವುಗಳಲ್ಲಿ ಒಂದಕ್ಕೆ "ಇಲ್ಲ" ಬಂದರೂ ಆ ದೇಶ ಹೊರಗೆ. ಮೂರಕ್ಕಿಂತ ಹೆಚ್ಚಾದರೆ ಯಾವ ದೇಶವೂ ಉಳಿಯುವುದಿಲ್ಲ. ಬಾಗಿಲು ದಾಟಿದ ದೇಶಗಳಿಗೆ ಮಾತ್ರ ಉಳಿದ ಐದಾರು ಪ್ರಶ್ನೆಗಳಲ್ಲಿ 100 ಅಂಕ ಹಂಚುವುದು, ಯಾವ ಎರಡಕ್ಕೂ ಒಂದೇ ಅಂಕ ಕೊಡದೆ. ಉತ್ತರ ಬಂದಮೇಲೆ ದೊಡ್ಡ ತೂಕಗಳನ್ನು ಐದೈದು ಅಂಕ ಮೇಲೆ ಕೆಳಗೆ ಮಾಡಿ ನೋಡಬೇಕು. ಅಷ್ಟಕ್ಕೇ ದೇಶಗಳ ಸ್ಥಾನ ಅದಲುಬದಲಾದರೆ ಎರಡೂ ಸಮವೆಂದೇ ತಿಳಿಯಬೇಕು.

ಅಂತರರಾಷ್ಟ್ರೀಯ ಸೂಚ್ಯಂಕಗಳನ್ನು ನೇರವಾಗಿ ನಂಬಬಾರದು. ಫಿನ್ಲೆಂಡ್ 2018ರಿಂದ ಮೊದಲ ಸ್ಥಾನದಲ್ಲಿರುವ ವಿಶ್ವ ಸಂತೋಷ ವರದಿಯ ಶ್ರೇಯಾಂಕ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ನಿಮ್ಮ ಬದುಕನ್ನು ಸೊನ್ನೆಯಿಂದ ಹತ್ತರವರೆಗಿನ ಏಣಿಯಲ್ಲಿ ಎಲ್ಲಿಡುತ್ತೀರಿ? ಮಾನವ ಅಭಿವೃದ್ಧಿ ಸೂಚ್ಯಂಕದಲ್ಲಿರುವುದು ಆಯಸ್ಸು, ಶಿಕ್ಷಣ, ಆದಾಯ ಮಾತ್ರ. ಹೊರಗಿಂದ ಹೋದವರಿಗೆ ನಿಜಕ್ಕೂ ಉಪಯೋಗಕ್ಕೆ ಬರುವುದು ಮೈಪೆಕ್ಸ್ ಎಂಬ ಸೂಚ್ಯಂಕ. ಕುಟುಂಬವನ್ನು ಕರೆಸಿಕೊಳ್ಳುವುದು, ರಾಜಕೀಯ ಪಾಲ್ಗೊಳ್ಳುವಿಕೆ, ಕಾಯಂ ವಾಸ, ಪೌರತ್ವ, ತಾರತಮ್ಯದ ವಿರುದ್ಧದ ಕಾನೂನು, ಆರೋಗ್ಯ ಸೇರಿ ಎಂಟು ವಿಷಯಗಳಿಗೆ ಅದು ಬೇರೆ ಬೇರೆ ಅಂಕ ಕೊಡುತ್ತದೆ. ಒಟ್ಟು ಅಂಕ ಬಿಟ್ಟು ನಮಗೆ ಬೇಕಾದ ವಿಷಯದ ಅಂಕವನ್ನಷ್ಟೇ ತೆಗೆದುಕೊಳ್ಳಬೇಕು. ಇನ್ನೊಂದು, 1981ರಿಂದ ನಡೆಯುತ್ತಿರುವ ವಿಶ್ವ ಮೌಲ್ಯ ಸಮೀಕ್ಷೆ. ನೆರೆಮನೆಯಲ್ಲಿ ಯಾರಿರುವುದು ನಿಮಗೆ ಇಷ್ಟವಿಲ್ಲ ಎಂದು ಅದು ಕೇಳುತ್ತದೆ. ವಲಸಿಗರು, ಬೇರೆ ಜನಾಂಗದವರು, ಬೇರೆ ಧರ್ಮದವರು ಎಂದು ಎಷ್ಟು ಮಂದಿ ಹೇಳಿದರು ಎಂಬುದು ದೇಶವಾರು ಉಚಿತವಾಗಿ ಸಿಗುತ್ತದೆ. ನಾಳೆ ಬಾಡಿಗೆ ಮನೆ ಹುಡುಕುವವರಿಗೆ ಇದಕ್ಕಿಂತ ನೇರವಾದ ಅಂಕಿ ಇಲ್ಲ.

ನಮ್ಮ ಮೊದಲ ಬಾಗಿಲು ಅಪ್ಪ ಅಮ್ಮ. ಮುಂಬಯಿಯ ಹೆಚ್ಚಿನ ಮನೆಗಳಲ್ಲಿ ದೇಶ ತೀರ್ಮಾನವಾಗಬೇಕಾದದ್ದು ಇಲ್ಲೇ ಎಂದು ನಮ್ಮ ನಂಬಿಕೆ. ಆದರೂ ಜನ ಇದನ್ನು ಕೊನೆಗೆ ನೋಡುತ್ತಾರೆ. "ಆಮೇಲೆ ಕರೆಸಿಕೊಳ್ಳೋಣ" ಎನ್ನುವ ಮಾತು ಹಲವು ದೇಶಗಳಲ್ಲಿ ನಡೆಯುವುದೇ ಇಲ್ಲ.

ಆಸ್ಟ್ರೇಲಿಯಾದಲ್ಲಿ ತಂದೆತಾಯಿಯ ಕಾಯಂ ವೀಸಾಗೆ ಮಕ್ಕಳ ಲೆಕ್ಕದ ಪರೀಕ್ಷೆ ಇದೆ. ಮಕ್ಕಳಲ್ಲಿ ಕನಿಷ್ಠ ಅರ್ಧದಷ್ಟು ಮಂದಿ ಆಸ್ಟ್ರೇಲಿಯಾದಲ್ಲಿ ಕಾಯಂ ಆಗಿರಬೇಕು, ಇಲ್ಲವೇ ಬೇರೆ ಯಾವುದೇ ಒಂದು ದೇಶಕ್ಕಿಂತ ಹೆಚ್ಚು ಮಕ್ಕಳು ಅಲ್ಲಿರಬೇಕು. ಇಬ್ಬರು ಮಕ್ಕಳಿದ್ದು ಒಬ್ಬರು ಅಲ್ಲಿ, ಒಬ್ಬರು ಇಲ್ಲಿ ಇದ್ದರೆ ಪಾಸು. ಮೂವರಿದ್ದು ಒಬ್ಬರು ಸಿಡ್ನಿಯಲ್ಲಿ, ಇಬ್ಬರು ಮುಂಬಯಿಯಲ್ಲಿ ಇದ್ದರೆ ಫೇಲು. ಪಾಸಾದರೂ ಕಡಿಮೆ ಶುಲ್ಕದ ವೀಸಾಗೆ ಸರದಿ ದಶಕಗಳಷ್ಟು ಉದ್ದ. ಹೆಚ್ಚು ಶುಲ್ಕದ 143ನೇ ವೀಸಾಗೆ ತಲೆಗೆ 40 ಸಾವಿರ ಆಸ್ಟ್ರೇಲಿಯಾ ಡಾಲರಿಗಿಂತ ಹೆಚ್ಚು ತೆತ್ತೂ ಹಲವು ವರ್ಷ ಕಾಯಬೇಕು. ತಾತ್ಕಾಲಿಕ 870ನೇ ವೀಸಾ ಒಂದಿದೆ, ಒಟ್ಟು 10 ವರ್ಷದ ಮಿತಿಯದು. ನಮ್ಮಲ್ಲಿ ಒಂದು ಕಡೆ ಮೂವರು ಮಕ್ಕಳು, ಹಾಗಾಗಿ ಆಸ್ಟ್ರೇಲಿಯಾ ಬಿತ್ತು.

ಬ್ರಿಟನ್ನಿನ ನಿಯಮ ಇನ್ನೂ ಬಿಗಿ. ದಿನನಿತ್ಯದ ಆರೈಕೆ ಬೇಕಾಗುವಷ್ಟು ತಂದೆತಾಯಿ ಅಶಕ್ತರಾಗಿರಬೇಕು, ಆ ಆರೈಕೆ ದುಡ್ಡು ಕೊಟ್ಟರೂ ಊರಿನಲ್ಲಿ ಸಿಗುವುದಿಲ್ಲವೆಂದು ತೋರಿಸಬೇಕು. ಹೋಮ್ ನರ್ಸ್ ಸಿಗುವ ಮುಂಬಯಿ, ಮಂಗಳೂರಿನವರು ಇದನ್ನು ತೋರಿಸುವುದು ಕಷ್ಟ. ಜಪಾನಿನಲ್ಲಿ ಹೆಚ್ಚು ಪಾಯಿಂಟಿನ ವೃತ್ತಿಪರ ವೀಸಾದವರು ತಂದೆತಾಯಿಯನ್ನು ಕರೆಸಬಹುದು, ಆದರೆ ಏಳು ವರ್ಷದೊಳಗಿನ ಮಗುವನ್ನು ನೋಡಿಕೊಳ್ಳಲು, ಅಥವಾ ಗರ್ಭಿಣಿಗೆ ನೆರವಾಗಲು. ಮೊಮ್ಮಗು ದೊಡ್ಡದಾದರೆ ಅಜ್ಜಿ ಹಿಂದಿರುಗಬೇಕು. ಇದನ್ನು ಓದಿದಾಗ ನಮಗೆ ನಿಜಕ್ಕೂ ಬೇಸರವಾಯಿತು.

ಜರ್ಮನಿ 2024ರ ಮಾರ್ಚಿನಲ್ಲಿ ಒಂದು ಒಳ್ಳೆಯ ಬಾಗಿಲು ತೆರೆದಿದೆ. 2024ರ ಮಾರ್ಚ್ 1 ಅಥವಾ ಅದರ ನಂತರ ಮೊದಲ ಸಲ ನುರಿತ ಕೆಲಸಗಾರರ ಪರವಾನಗಿ ಪಡೆದವರು ತಂದೆತಾಯಿಯನ್ನೂ, ಸಂಗಾತಿ ಜೊತೆಗಿದ್ದರೆ ಅತ್ತೆ ಮಾವನನ್ನೂ ಕರೆಸಿಕೊಳ್ಳಬಹುದು. ತೊಡಕಿರುವುದು ಆರೋಗ್ಯ ವಿಮೆಯಲ್ಲಿ. ಇದುವರೆಗೆ ಅಲ್ಲಿನ ಸಾರ್ವಜನಿಕ ವಿಮೆಯಲ್ಲಿ ಇರದ 55 ದಾಟಿದವರಿಗೆ ಆ ವಿಮೆ ಬಹುಮಟ್ಟಿಗೆ ಮುಚ್ಚಿದೆ. ಬಿಪಿ, ಸಕ್ಕರೆ ಕಾಯಿಲೆ ಇರುವ 70ರ ಹಿರಿಯರನ್ನು ಖಾಸಗಿ ಕಂಪನಿಗಳು ಒಪ್ಪುವುದು ಕಡಿಮೆ, ಒಪ್ಪಿದರೂ ಕಂತು ಭಾರಿ. ವಿಮೆ ಇಲ್ಲದೆ ವೀಸಾ ಇಲ್ಲ. ಹಾಗಾಗಿ ಜರ್ಮನಿಯನ್ನು ಪಟ್ಟಿಯಲ್ಲಿಡುವವರು ಮೊದಲು ಕೇಳಬೇಕಾದದ್ದು ವೀಸಾದವರನ್ನಲ್ಲ, ವಿಮೆಯವರನ್ನು. ಹೆತ್ತವರ ವಯಸ್ಸು, ಕಾಯಿಲೆ, ಮಾತ್ರೆಗಳ ವಿವರ ಕೊಟ್ಟು ಲಿಖಿತ ದರ ತರಿಸಿಕೊಳ್ಳಬೇಕು.

ಕೆನಡಾದಲ್ಲಿ ತಂದೆತಾಯಿಗೆ ಪಿಆರ್ ಕೊಡಿಸುವ ಯೋಜನೆ ಹೆಸರಿಗೆ ಇದೆ. ಆದರೆ 2025ರವರೆಗೂ 2020ರಲ್ಲಿ ಆಸಕ್ತಿ ಪತ್ರ ಕೊಟ್ಟವರನ್ನೇ ಕರೆದರು, ಹೊಸಬರು ಅದನ್ನು ನೆಚ್ಚುವಂತಿಲ್ಲ. ನೆಚ್ಚಬಹುದಾದದ್ದು ಸೂಪರ್ ವೀಸಾ. ಹತ್ತು ವರ್ಷದವರೆಗೆ ಬಂದುಹೋಗಬಹುದು, ಒಂದು ಸಲ ಬಂದರೆ 5 ವರ್ಷದವರೆಗೆ ಇರಬಹುದು. ಇದಕ್ಕೆ ಮಗ ಅಥವಾ ಮಗಳು ಪಿಆರ್ ಅಥವಾ ಪೌರರಾಗಿರಬೇಕು. ಮನೆಯ ತಲೆಗಳ ಲೆಕ್ಕದ ಮೇಲೆ ನಿಗದಿಯಾದ ಆದಾಯ ತೋರಿಸಬೇಕು, ಬರುವ ಅಪ್ಪ ಅಮ್ಮನೂ ಆ ತಲೆಗಳಲ್ಲಿ ಸೇರುತ್ತಾರೆ. ಕನಿಷ್ಠ 1 ಲಕ್ಷ ಕೆನಡಾ ಡಾಲರಿನ, ಒಂದು ವರ್ಷದ ಖಾಸಗಿ ವೈದ್ಯಕೀಯ ವಿಮೆ ಬೇಕು. ಹಲವರು ಎಡವುವುದು ಈ ವಿಮೆಯ ಒಂದು ಷರತ್ತಿನಲ್ಲಿ. ಹಳೆಯ ಕಾಯಿಲೆ ಇಂತಿಷ್ಟು ತಿಂಗಳು ಸ್ಥಿರವಾಗಿರಬೇಕು ಎಂದಿರುತ್ತದೆ. ಆ ಅವಧಿಯಲ್ಲಿ ಡಾಕ್ಟರು ಮಾತ್ರೆಯ ಪ್ರಮಾಣ ಬದಲಿಸಿದರೂ ಸ್ಥಿರವಲ್ಲವೆಂದು ಎಣಿಸಬಹುದು. ಹೊರಡುವ ಹೊತ್ತಿನಲ್ಲಿ ಅಮ್ಮನ ಸಕ್ಕರೆ ಮಾತ್ರೆ ಬದಲಾದರೆ ವಿಮೆಯವರಿಗೆ ಬರೆದು ತಿಳಿಸಿ ಉತ್ತರ ಇಟ್ಟುಕೊಳ್ಳಬೇಕು.

ಕಾಗದ ನೋಡುವ ಮೊದಲು ಅಪ್ಪ ಅಮ್ಮನನ್ನೇ ಕೇಳಬೇಕು ಎಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇವೆ. ಪುಣೆಯ ಮನೆಯಲ್ಲಿ ಹಿರಿಯರು, "ನಾವು ಊರಿನ ಮನೆಗೇ ಹೋಗುತ್ತೇವೆ, ವರ್ಷಕ್ಕೊಮ್ಮೆ ನೀವೇ ಬನ್ನಿ" ಎಂದು ಸ್ಪಷ್ಟವಾಗಿ ಹೇಳಿದರು. ಅವರ ಬಾಗಿಲಿನ ಪ್ರಶ್ನೆ ಅಲ್ಲಿಗೆ ಬದಲಾಯಿತು: ಎಷ್ಟು ದಿನ ರಜೆ?

ಎರಡನೆಯ ಬಾಗಿಲು ಮತದ ಹಕ್ಕು. ತೆರಿಗೆ ಕಟ್ಟುವ ನೆಲದಲ್ಲಿ ನಮಗೆ ಮಾತಿಲ್ಲದ ಸ್ಥಿತಿ ಎಷ್ಟು ವರ್ಷ ಒಪ್ಪಿಗೆ? ಕೊಲ್ಲಿ ದೇಶಗಳಲ್ಲಿ ಸಾಮಾನ್ಯವಾಗಿ ಅದು ಕೊನೆಯವರೆಗೂ ಹಾಗೆಯೇ. ಯುಎಇಯ ಗೋಲ್ಡನ್ ವೀಸಾ ಹತ್ತು ವರ್ಷದ್ದು, ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ಮುಂಬಯಿ ಹತ್ತಿರ. ಆದರೆ ವಾಸವೇ ಪೌರತ್ವವಾಗುವ ದಾರಿ ಇಲ್ಲ. ದುಡಿದು ಮರಳುವ ಯೋಚನೆಯವರಿಗೆ ಅದು ಉತ್ತಮ, ಬೇರೂರುವವರಿಗೆ ಅಲ್ಲ. ಅಮೆರಿಕದಲ್ಲಿ ಉದ್ಯೋಗ ಆಧಾರಿತ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ. 7ರ ಮಿತಿಯಿದೆ. ಭಾರತದವರ ಸರದಿ ಹತ್ತು ವರ್ಷ ಮೀರಿದ್ದು ಇದರಿಂದ. ಮಗು 21 ದಾಟಿದರೆ ಹೆತ್ತವರ ಅರ್ಜಿಯಿಂದ ಹೊರಬೀಳುವ ಅಪಾಯವೂ ಇದೆ. ಕೆನಡಾದಲ್ಲಿ ಪಿಆರ್‌ನವರಿಗೆ ಮತವಿಲ್ಲ. ಐದು ವರ್ಷದಲ್ಲಿ 1,095 ದಿನ ಅಲ್ಲಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು. ಜರ್ಮನಿ 2024ರ ಜೂನಿನಿಂದ ಈ ಅವಧಿಯನ್ನು 8 ವರ್ಷದಿಂದ 5ಕ್ಕೆ ಇಳಿಸಿದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಎರಡು ಸಂಗತಿಗಳಿವೆ. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ ಬ್ರಿಟನ್ನಿನಲ್ಲಿ ಕಾನೂನುಬದ್ಧವಾಗಿ ವಾಸಿಸುವ ಭಾರತೀಯರು ಅಲ್ಲಿನ ಸಂಸತ್ ಚುನಾವಣೆಯಲ್ಲೂ ಮತ ಹಾಕಬಹುದು, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ. ನ್ಯೂಜಿಲೆಂಡಿನಲ್ಲಿ ರೆಸಿಡೆಂಟ್ ವೀಸಾ ಪಡೆದು ಒಂದು ವರ್ಷ ವಾಸವಿದ್ದವರಿಗೆ ಪೌರತ್ವವಿಲ್ಲದೆಯೇ ಮತವಿದೆ. ಮತವೇ ಎಲ್ಲಕ್ಕಿಂತ ಮೇಲೆ ಎನ್ನುವವರು ಈ ಎರಡನ್ನು ಬಿಡಬಾರದು. ಅಪ್ಪ ಅಮ್ಮನ ಬಾಗಿಲು ಮುಚ್ಚಿದ ಬ್ರಿಟನ್ನೇ ಮತದ ಬಾಗಿಲನ್ನು ಮೊದಲು ತೆರೆಯುತ್ತದೆ. ಒಂದೇ ದೇಶದಲ್ಲಿ ಎಲ್ಲ ಮೌಲ್ಯವೂ ಒಟ್ಟಿಗೆ ಸಿಗುವುದಿಲ್ಲ, ಕ್ರಮ ಹಾಕಲೇಬೇಕಾಗುವುದು ಅದಕ್ಕೆ.

ಮತದ ಜೊತೆಗೇ ಪಾಸ್‌ಪೋರ್ಟಿನ ಮಾತು ಬರುತ್ತದೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. 1955ರ ಪೌರತ್ವ ಕಾಯಿದೆಯ 9ನೇ ಸೆಕ್ಷನ್ ಪ್ರಕಾರ ಸ್ವಇಚ್ಛೆಯಿಂದ ಬೇರೆ ಪೌರತ್ವ ಪಡೆದ ಕ್ಷಣವೇ ಇಲ್ಲಿನದು ಹೋಗುತ್ತದೆ, ಪಾಸ್‌ಪೋರ್ಟ್ ಒಪ್ಪಿಸಬೇಕು. ಆಮೇಲೆ ಭಾರತ ಮೂಲದವರಿಗೆ ಸಿಗುವ ಒಸಿಐ ಕಾರ್ಡಿನಲ್ಲಿ ಬಂದುಹೋಗಬಹುದು, ಇರಬಹುದು, ಫ್ಲ್ಯಾಟ್ ಕೊಳ್ಳಬಹುದು. ಮತವಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ. ಕೃಷಿಭೂಮಿಯ ನಿರ್ಬಂಧ ಭಾರತದ ಪೌರತ್ವ ಉಳಿಸಿಕೊಂಡ ಎನ್‌ಆರ್‌ಐಗಳಿಗೂ ಇದೆ. ವಿದೇಶಿ ವಿನಿಮಯದ ಕಾಯಿದೆ ಫೆಮಾ ಪ್ರಕಾರ ಅವರು ಗದ್ದೆ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ, ದಾನಪತ್ರದಿಂದ ಪಡೆಯುವಂತೆಯೂ ಇಲ್ಲ. ಪಿತ್ರಾರ್ಜಿತವಾಗಿ ಬರಬಹುದು, ದೇಶದಲ್ಲಿದ್ದಾಗ ಪಡೆದದ್ದನ್ನು ಇಟ್ಟುಕೊಳ್ಳಬಹುದು. ಆದ್ದರಿಂದ ಊರಿನ ಗದ್ದೆ, ಅಡಿಕೆ ತೋಟದ ಪಾಲು ಆಗಬೇಕಿದ್ದರೆ ಹೊರಡುವ ಮೊದಲೇ ಆಗಲಿ. ನೆಲವೇ ಪ್ರಾಣ ಎನ್ನುವವರು ಪಿಆರ್‌ನಲ್ಲೇ ನಿಲ್ಲಬಹುದು, ಆಗ ಅಲ್ಲಿನ ವಾಸದ ಷರತ್ತು ಕಾಯಬೇಕು. ಕೆನಡಾದಲ್ಲಿ ಅದು ಐದು ವರ್ಷದಲ್ಲಿ 730 ದಿನ.

ರಜೆಯ ಪ್ರಶ್ನೆಗೆ ಅಂಕಿ ಸುಲಭವಾಗಿ ಸಿಗುತ್ತದೆ, ಪರಿಣಾಮ ದೊಡ್ಡದು. ವಾರಕ್ಕೆ ಐದು ದಿನ ದುಡಿಯುವವರಿಗೆ ಜರ್ಮನಿಯ ಕಾನೂನು ಕನಿಷ್ಠ 20 ದಿನ ಸಂಬಳ ಸಹಿತ ರಜೆ ಕೊಡುತ್ತದೆ. ಕೆನಡಾದ ಒಂಟಾರಿಯೊದಲ್ಲಿ ಮೊದಲ ಐದು ವರ್ಷ ಎರಡು ವಾರ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಸೊನ್ನೆ, ಎಲ್ಲ ಕಂಪನಿಯ ಕೃಪೆ. ಊರಿನ ನೇಮ (ದೈವಗಳ ಕೋಲ) ನಡೆಯುವುದು ದೀಪಾವಳಿ ಕಳೆದು ಮೇ ಕೊನೆಯ ಹೊತ್ತಿನ ಪತ್ತನಾಜೆಯೊಳಗೆ, ಅಂದರೆ ಅಲ್ಲಿನ ಶಾಲೆಗಳು ನಡೆಯುವ ತಿಂಗಳುಗಳಲ್ಲೇ. ಕುಟುಂಬದ ಮನೆಯ ನೇಮಕ್ಕೂ ನಾಗನಿಗೆ ತಂಬಿಲಕ್ಕೂ ಪ್ರತಿ ವರ್ಷ ಬರಲೇಬೇಕೆನ್ನುವವರಿಗೆ ಎರಡು ವಾರ ಸಾಲದು. ಪುಣೆಯ ಮನೆಯವರಿಗೆ ಜರ್ಮನಿ ಒದಗಿದ್ದು ಈ ಒಂದು ಅಂಕಿಯಿಂದ.

ಮಕ್ಕಳ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಶಾಲೆ ಒಳ್ಳೆಯದೇ ಎಂದಲ್ಲ, ಮಗು ಯಾವ ವಯಸ್ಸಿನಲ್ಲಿ ಅಲ್ಲಿ ಇಳಿಯುತ್ತದೆ ಎಂದು. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ 4ನೇ ತರಗತಿ ಮುಗಿದಾಗ ಮಕ್ಕಳನ್ನು ಬೇರೆ ಬೇರೆ ಬಗೆಯ ಶಾಲೆಗಳಿಗೆ ಹಂಚುತ್ತಾರೆ, ಬರ್ಲಿನ್ ಮತ್ತು ಬ್ರಾಂಡೆನ್‌ಬುರ್ಗಿನಲ್ಲಿ 6ನೆಯದರ ನಂತರ. ಐದು ವರ್ಷದ ಮಗುವಿಗೆ ಭಾಷೆ ಹಿಡಿಯಲು ಸಮಯವಿದೆ. ಒಂಬತ್ತು ವರ್ಷದ ಮಗು ಜರ್ಮನ್ ಬಾರದೆ ನೇರ ಆ ಹಂಚಿಕೆಯ ಎದುರು ನಿಲ್ಲುತ್ತದೆ. ಮೇಲಿನ ಬಗೆಯ ಶಾಲೆಗೆ ಆಮೇಲೂ ಸೇರಬಹುದು, ಆದರೆ ದಾರಿ ಸುತ್ತು. ಮನೆಯಲ್ಲೇ ಪಾಠ ಹೇಳುವುದಕ್ಕೆ ಅಲ್ಲಿ ಅವಕಾಶವಿಲ್ಲ. ಸಿಂಗಾಪುರದ ಪಿಆರ್ ಆದವರ ಗಂಡುಮಕ್ಕಳಿಗೆ ಎರಡು ವರ್ಷದ ಕಡ್ಡಾಯ ಸೈನಿಕ ಸೇವೆಯಿದೆ, ಮಗ ಹುಟ್ಟಿದಾಗಲೇ ಇದು ಗೊತ್ತಿರಬೇಕು. ಸ್ವೀಡನ್ 1979ರಲ್ಲೇ ಮಕ್ಕಳಿಗೆ ಹೊಡೆಯುವುದನ್ನು ಕಾನೂನಿನಿಂದ ತಡೆಯಿತು, ಜರ್ಮನಿ 2000ದಲ್ಲಿ. ನಮಗೆ ಇದು ಒಪ್ಪಿಗೆಯ ಕಾನೂನು. ಜೊತೆಗೆ ಬರುವ ಅಜ್ಜ ಅಜ್ಜಿಗೂ ಮೊದಲೇ ಹೇಳಿಡಬೇಕು.

ನಂಬಿಕೆಯ ಪ್ರಶ್ನೆ ಮನೆಮನೆಗೆ ಬೇರೆ. ತಲೆವಸ್ತ್ರ ಹಾಕುವ ಬ್ಯಾರಿ ಮನೆಯ ಹೆಣ್ಣುಮಗಳು ಶಿಕ್ಷಕಿಯಾಗಬೇಕೆಂದಿದ್ದರೆ ಕೆನಡಾವನ್ನು ಒಂದೇ ದೇಶವೆಂದು ನೋಡಬಾರದು. ಕ್ವೆಬೆಕ್ ಪ್ರಾಂತ್ಯದ 2019ರ ಕಾನೂನು ಸರ್ಕಾರಿ ಶಾಲೆಯ ಶಿಕ್ಷಕರೂ ಸೇರಿ ಕೆಲವು ಹುದ್ದೆಯವರಿಗೆ ಧಾರ್ಮಿಕ ಚಿಹ್ನೆ ನಿಷೇಧಿಸುತ್ತದೆ. ಫ್ರಾನ್ಸ್ 2004ರಿಂದ ಸರ್ಕಾರಿ ಶಾಲೆಯ ಮಕ್ಕಳಿಗೇ ನಿಷೇಧಿಸಿದೆ. ಸಾವಿನ ನಂತರದ್ದನ್ನೂ ಕೇಳಿಕೊಳ್ಳಬೇಕು, ಅಶುಭವೆಂದು ಬಿಡಬಾರದು. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ಚಿತಾಭಸ್ಮವನ್ನು ಮನೆಯಲ್ಲಿಡುವಂತಿಲ್ಲ, ಸ್ಮಶಾನದಲ್ಲೇ ಇಡಬೇಕು. ಊರಿಗೆ ತರುವುದಾದರೆ ಅದಕ್ಕೆ ಬೇರೆಯೇ ಕಾಗದಪತ್ರ.

ಕಾನೂನು ಓದಿ ಮುಗಿದಮೇಲೆ ಜನರನ್ನು ಕೇಳುವುದು. ಇಲ್ಲಿ ಮುಂಬಯಿಯವರಿಗೆ ಅನುಕೂಲವಿದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಕುರ್ಲಾದ ಬಂಟರ ಭವನದ ಕಾರ್ಯಕ್ರಮಗಳಿಗೆ ಹೋದರೆ ಹೊರದೇಶದಲ್ಲಿ ಇದ್ದುಬಂದವರು ಸಿಕ್ಕೇ ಸಿಗುತ್ತಾರೆ. ಅಲ್ಲೇ ನೆಲೆಸಿದವರಿಗಿಂತ ಮರಳಿ ಬಂದವರನ್ನು ಹೆಚ್ಚು ಕೇಳಬೇಕು. "ಹೇಗಿದೆ ಅಣ್ಣಾ ಅಲ್ಲಿ?" ಎಂದರೆ "ಚೆನ್ನಾಗಿದೆ" ಎಂಬ ಉತ್ತರವಷ್ಟೇ ಬರುತ್ತದೆ. ಕೊನೆಯ ಸಲ ಮಗುವಿಗೆ ಜ್ವರ ಬಂದಾಗ ಡಾಕ್ಟರು ಎಷ್ಟು ಹೊತ್ತಿಗೆ ನೋಡಿದರು, ಬಾಡಿಗೆ ಮನೆ ಸಿಗಲು ಎಷ್ಟು ತಿಂಗಳಾಯಿತು, ಊರಿನಲ್ಲಿ ಸಾವಾದಾಗ ಎಷ್ಟು ದಿನ ರಜೆ ಕೊಟ್ಟರು ಎಂದು ಕೇಳಬೇಕು. ಕೆನಡಾದಲ್ಲಿ ಕುಟುಂಬ ವೈದ್ಯರು ಸಿಗುವುದು ಕಷ್ಟ ಎಂಬುದು ಹೀಗೆ ಕೇಳಿದಾಗಲೇ ಸರಿಯಾಗಿ ತಿಳಿಯುವುದು.

ಭಾಷೆಯ ತರಗತಿಗೆ ತೀರ್ಮಾನಕ್ಕೆ ಮೊದಲೇ ಸೇರಬೇಕು. ಜರ್ಮನ್ ಕಲಿಯಲು ಮುಂಬಯಿಯಲ್ಲಿ ಕಾಲಾಘೋಡಾದ ಮ್ಯಾಕ್ಸ್ ಮುಲ್ಲರ್ ಭವನ, ಪುಣೆಯಲ್ಲಿ ಬೋಟ್ ಕ್ಲಬ್ ರಸ್ತೆಯದು. ಮೊದಲ ಹಂತವಾದ ಎ1 ಮುಗಿಸುವಷ್ಟರಲ್ಲಿ ಆ ಭಾಷೆಯಲ್ಲಿ ಮುದುಕರಾಗಲು ನಮಗೆ ಮನಸ್ಸಿದೆಯೇ ಎಂದು ಗೊತ್ತಾಗುತ್ತದೆ. ನೋಡಿಬರಲು ಹೋಗುವುದಾದರೆ ಡಿಸೆಂಬರ್, ಜನವರಿಯಲ್ಲೇ ಹೋಗಬೇಕು. ಡಿಸೆಂಬರ್ ಕೊನೆಗೆ ಬರ್ಲಿನ್ನಿನಲ್ಲಿ ಸಂಜೆ ನಾಲ್ಕರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ಪ್ರವಾಸಿ ಸ್ಥಳ ಬಿಟ್ಟು ನಾವು ಬಾಡಿಗೆ ಕೊಡಬಲ್ಲ ಬಡಾವಣೆಯಲ್ಲಿ ಉಳಿದು, ಬೆಳಿಗ್ಗೆ ಏಳರ ಬಸ್ಸಿನಲ್ಲಿ ಓಡಾಡಬೇಕು.

ನಮಗೆ ಉಳಿದದ್ದು ಕೆನಡಾ. ಪಿಆರ್‌ಗೆ ಜನರನ್ನು ಆರಿಸುವ ಅಲ್ಲಿನ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿಯಲ್ಲಿ 1,200ಕ್ಕೆ ಪಾಯಿಂಟು ಎಣಿಸುತ್ತಾರೆ. ಸಂಗಾತಿ ಜೊತೆ ಅರ್ಜಿ ಹಾಕುವವರಿಗೆ 20ರಿಂದ 29ರವರೆಗೆ ವಯಸ್ಸಿನ ಪೂರ್ತಿ 100, ಆಮೇಲೆ ವರ್ಷಕ್ಕೆ ಐದೈದರಂತೆ ಇಳಿದು 35ಕ್ಕೆ 70. ಗಂಡನೇ ಮುಖ್ಯ ಅರ್ಜಿದಾರನಾಗಬೇಕೆಂಬ ರೂಢಿ ಬಿಟ್ಟು ಇಬ್ಬರ ಹೆಸರಿನಲ್ಲೂ ಲೆಕ್ಕ ಹಾಕಿ ನೋಡಬೇಕು. ನೌಕರಿ ಆಹ್ವಾನಕ್ಕೆ ಇದ್ದ ಪಾಯಿಂಟುಗಳನ್ನು 2025ರ ಮಾರ್ಚಿನಲ್ಲಿ ತೆಗೆದುಹಾಕಿದ್ದಾರೆ, ಪತ್ರ ಕೊಡಿಸುತ್ತೇವೆನ್ನುವ ಏಜೆಂಟರಿಗೆ ದುಡ್ಡು ಕೊಡಬಾರದು. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ ಆಲಿಸುವಿಕೆಗೆ 8, ಉಳಿದ ಮೂರಕ್ಕೂ 7 ಬಂದರೆ ಪಾಯಿಂಟು ಜಿಗಿಯುತ್ತದೆ. ಒಂದರಲ್ಲಿ ಅರ್ಧ ಅಂಕ ಹೋದರೂ ಆ ಜಿಗಿತ ತಪ್ಪುತ್ತದೆ. ಫ್ರೆಂಚ್ ನಾಲ್ಕೂ ಭಾಗಗಳಲ್ಲಿ ಕೆನಡಾದ ಅಳತೆಯ 7ನೇ ಮಟ್ಟಕ್ಕೆ ಬಂದರೆ, ಇಂಗ್ಲಿಷೂ ಸಾಕಷ್ಟಿದ್ದವರಿಗೆ 50 ಹೆಚ್ಚುವರಿ ಪಾಯಿಂಟು. ಫ್ರೆಂಚ್ ಬಲ್ಲವರ ಪ್ರತ್ಯೇಕ ಆಯ್ಕೆ ಸುತ್ತುಗಳ ಕಟ್‌ಆಫ್ 400ರ ಕೆಳಗೂ ಇಳಿದದ್ದುಂಟು.

ಕಾಗದಪತ್ರದಲ್ಲಿ ಮುಂಬಯಿ ಕನ್ನಡಿಗರಿಗೆ ಬರುವ ಮುಖ್ಯ ತೊಂದರೆ ಹೆಸರಿನದು. ಕರ್ನಾಟಕದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್, ಮಹಾರಾಷ್ಟ್ರದ ಕಾಲೇಜಿನಲ್ಲಿ ನಡುವೆ ಅಪ್ಪನ ಹೆಸರು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಕ್ರಮ, ಮದುವೆಯಾದ ಮೇಲೆ ಗಂಡನ ಸರ್‌ನೇಮ್. ಇದನ್ನು ಎಲ್ಲಕ್ಕಿಂತ ಮೊದಲು ಸರಿಮಾಡಬೇಕು, ಏಕೆಂದರೆ ಭಾಷಾ ಪರೀಕ್ಷೆಯೂ ಪದವಿ ಮೌಲ್ಯಮಾಪನವೂ ಪಾಸ್‌ಪೋರ್ಟಿನ ಹೆಸರಿನ ಮೇಲೆಯೇ ನಡೆಯುತ್ತವೆ. ಸಣ್ಣ ವ್ಯತ್ಯಾಸಕ್ಕೆ ಅಫಿಡವಿಟ್ ಸಾಕು. ಹೆಸರೇ ಬೇರೆಯಾದರೆ ಮಹಾರಾಷ್ಟ್ರ ಗೆಜೆಟ್, ಆಮೇಲೆ ಪಾಸ್‌ಪೋರ್ಟ್ ತಿದ್ದುಪಡಿ. ಊರಿನ ಪಂಚಾಯತಿಯ ಕನ್ನಡ ದಾಖಲೆಗಳ ಅನುವಾದವನ್ನು ಮಂಗಳೂರಿನಲ್ಲೋ ಉಡುಪಿಯಲ್ಲೋ ಮಾಡಿಸಿಕೊಳ್ಳುವುದು ಸುಲಭ. ಪದವಿಗೆ ದೃಢೀಕರಣ ಬೇಕಾದ ದೇಶವಾದರೆ ಪದವಿ ಕೊಟ್ಟ ರಾಜ್ಯದಲ್ಲೇ ಮೊದಲ ಮುದ್ರೆ, ಆಮೇಲೆ ವಿದೇಶಾಂಗ ಸಚಿವಾಲಯದ್ದು. ಮಂಗಳೂರು ವಿಶ್ವವಿದ್ಯಾಲಯದ ಪದವಿಗೆ ಮುಂಬಯಿಯ ಮಂತ್ರಾಲಯದಲ್ಲಿ ಕೆಲಸವಾಗದು. ಯುಎಇಗೆ ಇದರ ಮೇಲೆ ಅವರ ದೂತಾವಾಸದ ಮುದ್ರೆಯೂ ಬೇಕು.

ಮನೆ ಬಾಡಿಗೆಗೆ ಕೊಟ್ಟು ಹೋಗುವವರು ಲೀವ್ ಅಂಡ್ ಲೈಸೆನ್ಸ್ ಕರಾರು ನೋಂದಾಯಿಸಲೇಬೇಕು. ಮಾಲೀಕರು ತಾವೇ ವಾಸಿಸದ್ದಕ್ಕೆ ಸೊಸೈಟಿ ನಾನ್-ಆಕ್ಯುಪೆನ್ಸಿ ಶುಲ್ಕವೆಂದು ಸೇವಾ ಶುಲ್ಕದ ಶೇ. 10ಕ್ಕಿಂತ ಹೆಚ್ಚು ಕೇಳುವಂತಿಲ್ಲ. ಮಾಲೀಕರು ಎನ್‌ಆರ್‌ಐ ಆದಮೇಲೆ ಬಾಡಿಗೆದಾರರು ಶೇ. 30ರ ಮೇಲೆ ಸೆಸ್ ಸೇರಿಸಿ ಟಿಡಿಎಸ್ ಹಿಡಿಯಬೇಕಾಗುತ್ತದೆ, ಕರಾರಿನಲ್ಲೇ ಬರೆದಿಡಿ. ಉಳಿತಾಯ ಖಾತೆಯನ್ನು ಎನ್‌ಆರ್‌ಐಗಳಿಗಿರುವ ಎನ್‌ಆರ್‌ಒ ಖಾತೆಯಾಗಿ ಮಾಡಿಸಬೇಕು. ಮುಕ್ತಿಯಾರ್‌ನಾಮೆಯನ್ನು ಇಲ್ಲಿರುವಾಗಲೇ ನೋಂದಾಯಿಸಿಕೊಳ್ಳಿ. ಹೊರಗಿಂದ ಮಾಡಿ ಕಳಿಸಿದರೆ ಇಲ್ಲಿ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಬೇಕಾಗುತ್ತದೆ.

ಕಾಗದಗಳ ಆಯುಷ್ಯವೂ ಬೇರೆ ಬೇರೆ, ತರಿಸುವ ಕ್ರಮ ಅದರ ಮೇಲೆಯೇ ನಿಲ್ಲಬೇಕು. ಪದವಿ ಮೌಲ್ಯಮಾಪನ ಐದು ವರ್ಷ ನಡೆಯುತ್ತದೆ, ಅದು ಮೊದಲು. ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ಬರುವುದೇ ನಿಧಾನ. ಭಾಷಾ ಪರೀಕ್ಷೆ ಎರಡು ವರ್ಷ ನಡೆಯುತ್ತದೆ, ಅದು ಆಮೇಲೆ. ಬ್ಯಾಂಕಿನ ಪತ್ರ ಅರ್ಜಿ ಹಾಕಲು ಆಹ್ವಾನ ಬಂದಾಗ, ಆರು ತಿಂಗಳ ಸರಾಸರಿ ಶಿಲ್ಕಿನೊಂದಿಗೆ. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ 500 ರೂಪಾಯಿಗೆ ಸಿಗುವ ಪೊಲೀಸ್ ಕ್ಲಿಯರೆನ್ಸ್ ಕೊನೆಯಲ್ಲಿ. ಬೇಗ ತರಿಸಿಟ್ಟರೆ ಅರ್ಜಿಯ ಹೊತ್ತಿಗೆ ಅದರ ಅವಧಿ ಮುಗಿದು ಮತ್ತೆ ಠಾಣೆಯ ವಿಚಾರಣೆಯಿಂದ ಶುರುಮಾಡಬೇಕಾಗುತ್ತದೆ.